ಹತ್ತು ಒಂಬತ್ತುಗಳ ಮನೆತನ

ನಮ್ಮ ಸೋದರತ್ತೆಗೆ ಆಯುಷ್ಮಾನ್ ಕಾರ್ಡ್ ಮಾಡಿಸಲು ಹೊರಟು ಇದು ಮೂರನೆಯ ಸೋಮವಾರ. ಈವರೆಗಿನ ಪ್ರಗತಿಯೆಂದರೆ, ಅತ್ತೆ ನಿಜಕ್ಕೂ ಅವರೇ ಹೌದೇ ಎಂದು ಸರ್ಕಾರಕ್ಕಿದ್ದ ಅನುಮಾನ ಈಗ ಅತ್ತೆಗೂ ಬಂದಿದೆ.

ಪಡಿತರ ಚೀಟಿಯಲ್ಲಿ ಅವರ ಹೆಸರು ‘ಅಮ್ಮ’ ಎಂದು ಮುಗಿಯುತ್ತದೆ, ಆಧಾರ್‌ನಲ್ಲಿ ‘ದೇವಿ’ ಎಂದು. ಕೀಲಿಮಣೆಯ ಮುಂದೆ ಕುಳಿತಿದ್ದ ಯಾರೋ ಪುಣ್ಯಾತ್ಮರು ಅವರಿಗೆ ದೇವತೆಯಾಗಿ ಬಡ್ತಿ ಕೊಟ್ಟಿದ್ದಾರೆ. ದೇವತೆಗಳಿಗೆ ಕಾಯಿಲೆ ಬರುವುದಿಲ್ಲವಾದ್ದರಿಂದ ಕಾರ್ಡ್ ಅನಗತ್ಯವೆಂದು ತಂತ್ರಾಂಶ ತೀರ್ಮಾನಿಸಿರಬೇಕು. ಬೆರಳಚ್ಚು ಕೊಡೋಣವೆಂದರೆ, ನಲವತ್ತು ವರ್ಷ ರಾಗಿ ಕೊಯ್ದು, ಹುಣಸೆಹಣ್ಣು ಕುಟ್ಟಿ, ಪಾತ್ರೆ ತಿಕ್ಕಿದ ಬೆರಳಲ್ಲಿ ಅಚ್ಚೇ ಉಳಿದಿಲ್ಲ. ಸೇವಾ ಕೇಂದ್ರದ ಹುಡುಗ ಕರ್ಚೀಫಿನಿಂದ ಅವರ ಹೆಬ್ಬೆರಳು ಒರೆಸಿ, ಬಾಯಿಂದ ಊದಿ, ಯಂತ್ರದ ಕೆಂಪು ಬೆಳಕಿನ ಮೇಲೆ ಒತ್ತಿ ಹಿಡಿದ. ‘ಇನ್ನೆಷ್ಟು ಒತ್ಲಪ್ಪ, ಗಾಜು ಒಡೆದೋದ್ರೆ ನನ್ನ ತಲೆಗೆ ಕಟ್ತೀಯ’ ಎಂದರು ಅತ್ತೆ. ಒಟಿಪಿ ಹೋಗುವುದು ಮಗನ ಹಳೆಯ ನಂಬರಿಗೆ. ಆ ಸಿಮ್ಮನ್ನು ಅವನು ಬಿಸಾಡಿ ನಾಲ್ಕು ವರ್ಷವಾಯಿತು. ‘ಯಾವ್ದಾದ್ರೂ ಹತ್ತು ಅಂಕಿ ಹೇಳಿ ಸಾರ್, ಕಾಲಂ ಖಾಲಿ ಬಿಟ್ರೆ ಮುಂದಕ್ಕೇ ಹೋಗಲ್ಲ’ ಎಂದು ಹುಡುಗ ನನ್ನ ಮುಖ ನೋಡಿದ. ಅವನ ಬೆರಳು ಆಗಲೇ ಒಂಬತ್ತರ ಮೇಲಿತ್ತು.

ಆ ಬೆರಳನ್ನು ಕಂಡಾಗಲೇ ನನಗೆ ಆಯುಷ್ಮಾನ್ ಯೋಜನೆಯ ಬಗ್ಗೆ ಸಿಎಜಿ, ಅಂದರೆ ದೇಶದ ಮಹಾಲೆಕ್ಕಪರಿಶೋಧಕರು, 2023ರಲ್ಲಿ ಕೊಟ್ಟ ವರದಿ ಅರ್ಥವಾದದ್ದು. ಬರೀ ಒಂಬತ್ತುಗಳೇ ಇರುವ ಒಂದೇ ಮೊಬೈಲ್ ಸಂಖ್ಯೆಗೆ 7,49,820 ಫಲಾನುಭವಿಗಳು! ಬರೀ ಎಂಟುಗಳ ಸಂಖ್ಯೆಗೆ 1,39,300 ಮಂದಿ. ಇವರು ಬಹುಶಃ ಪಾಲು ತೆಗೆದುಕೊಂಡು ಬೇರೆ ಹೋದ ದಾಯಾದಿಗಳು. ಎಂಟರ ಮನೆಯವರಿಗೂ ಒಂಬತ್ತರ ಮನೆಯವರಿಗೂ ಹೆಣ್ಣು ಕೊಟ್ಟು ತರುವ ಬಳಕೆ ಇದೆಯೇ ಎಂಬುದನ್ನು ಲೆಕ್ಕಪರಿಶೋಧಕರು ಬರೆದಿಲ್ಲ. ಅದೇ ವರದಿಯಲ್ಲಿ 11ರಿಂದ 201 ಸದಸ್ಯರಿರುವ 43,197 ಕುಟುಂಬಗಳ ಪ್ರಸ್ತಾಪವಿದೆ. ಅವಿಭಕ್ತ ಕುಟುಂಬ ಅಳಿಯಿತೆಂದು ಮರುಗುವವರು ಸಮಾಧಾನ ಪಡಬೇಕು. ಆದರೆ 201 ಜನರ ಮನೆಯಲ್ಲಿ ಬೆಳಗಾಗೆದ್ದು ಎಷ್ಟು ಸೇರಿನ ದೋಸೆಹಿಟ್ಟು ರುಬ್ಬುತ್ತಾರೆ, ಬಚ್ಚಲಿನ ಸರದಿ ಯಾವ ತಿಂಗಳಿಗೆ ಬರುತ್ತದೆ? ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ವಿಮೆಯನ್ನು ಹಂಚಿದರೆ ತಲೆಗೆ ಎರಡೂವರೆ ಸಾವಿರವೂ ಬೀಳುವುದಿಲ್ಲ. ಆದ್ದರಿಂದ ಕಾಯಿಲೆ ಬೀಳುವುದಕ್ಕೂ ಅಲ್ಲಿ ಸರದಿ ಇರಲೇಬೇಕು.

ಫಲಾನುಭವಿಯ ಪರಿಶೀಲನೆಯಲ್ಲಿ ಮೊಬೈಲ್ ಸಂಖ್ಯೆಗೆ ಯಾವ ಪಾತ್ರವೂ ಇಲ್ಲವೆಂದು ಆಗ ಕೇಂದ್ರ ಆರೋಗ್ಯ ಸಚಿವಾಲಯ ಸ್ಪಷ್ಟನೆ ಕೊಟ್ಟಿತ್ತು. ಎಂಥ ಉದಾರ ಮಾತು! ಅದನ್ನು ನಾನು ಸೇವಾ ಕೇಂದ್ರದ ಹುಡುಗನಿಗೆ ಒಪ್ಪಿಸಿದೆ. ‘ಅದು ಡೆಲ್ಲಿ ಮಾತು ಸಾರ್, ಇಲ್ಲಿ ಒಟಿಪಿ ಕೇಳ್ತಿದೆ’ ಎಂದ.

ಇನ್ನೊಂದು ಲೆಕ್ಕವೂ ಆ ವರದಿಯಲ್ಲಿದೆ, ಅದಕ್ಕೆ ಮಾತ್ರ ನನಗೆ ನಗು ಬರುವುದಿಲ್ಲ. ಯೋಜನೆಯ ದಾಖಲೆಯಲ್ಲಿ ಮೊದಲೇ ತೀರಿಕೊಂಡಿದ್ದ 3,446 ರೋಗಿಗಳ ಚಿಕಿತ್ಸೆಗೆಂದು ಆಸ್ಪತ್ರೆಗಳಿಗೆ 6.97 ಕೋಟಿ ರೂಪಾಯಿ ಪಾವತಿಯಾಗಿದೆ. ಸತ್ತವರ ಕಡತ ಎಲ್ಲೂ ನಿಲ್ಲದೆ ಸಾಗಿತು. ಹೃದಯಕ್ಕೆ ಸ್ಟೆಂಟ್ ಹಾಕಿಸಬೇಕೆಂದು ವೈದ್ಯರು ಹೇಳಿ ತಿಂಗಳಾಗಿರುವ, ಎರಡು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುವ ಹೆಂಗಸು ಮಾತ್ರ ತಾನು ತಾನೇ ಎಂದು ರುಜುವಾತು ಮಾಡಲು ವಾರವಾರವೂ ಆಟೊ ಹತ್ತಬೇಕು. ಕಾರ್ಡ್ ಬಂದರೂ ಮುಗಿಯುವುದಿಲ್ಲ. ತುರ್ತು ಸಂದರ್ಭವಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ತರಬೇಕು, ಅಲ್ಲಿಯೂ ಒಂದು ಸಾಲು, ಒಂದು ಟೋಕನ್, ಊಟಕ್ಕೆ ಹೋದ ಒಬ್ಬ ಗುಮಾಸ್ತ. ಎಪಿಎಲ್ ಚೀಟಿಯವರಾದರೆ ಪ್ಯಾಕೇಜ್ ದರದ ಶೇ. 30ರಷ್ಟನ್ನು ಮಾತ್ರ ಸರ್ಕಾರ ಭರಿಸುತ್ತದೆ, ಉಳಿದ ಶೇ. 70ಕ್ಕೆ ಹೊಲವೋ ಓಲೆಯೋ ಇದ್ದೇ ಇರುತ್ತದಲ್ಲ. ಸಾಕಾಗಿದೆ, ನಿಜವಾಗಿಯೂ ಸಾಕಾಗಿದೆ.

ಮೊದಲು ಆಧಾರ್‌ನಲ್ಲಿ ಹೆಸರು ತಿದ್ದಿಸಿಕೊಂಡು ಬನ್ನಿ ಎಂದು ಹುಡುಗ ಕಾಗದಗಳನ್ನೆಲ್ಲ ಜೋಡಿಸಿ ಕೈಗಿಟ್ಟ. ತಿದ್ದಲು ಮತ್ತೆ ಬೆರಳಚ್ಚು ಬೇಕಂತೆ. ಅತ್ತೆ ಸೆರಗಿನಲ್ಲಿ ಹೆಬ್ಬೆರಳು ಒರೆಸಿಕೊಳ್ಳುತ್ತ ಆಟೊ ಹತ್ತಿದರು. ದಾರಿಯಲ್ಲಿ ಬೇಸರ ಕಳೆಯಲೆಂದು ನಾನು 201 ಜನರ ಮನೆಯ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: ‘ಅಷ್ಟು ಜನ ಇರೋ ಮನೇಲಿ ಒಬ್ಬಳು ಹೆಚ್ಚಾದ್ರೆ ಯಾರಿಗೆ ಗೊತ್ತಾಗುತ್ತೆ ಮಗ, ನನ್ನನ್ನೂ ಅವರ ಚೀಟಿಗೇ ಸೇರಿಸ್ತಾರೇನು ಕೇಳು.’