ಜಮಾಖರ್ಚಿನ ಅಂಚಿನ ಮಳೆ

ಶಿರಸಿ ಸೀಮೆಯ ನಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಜಮಾಖರ್ಚಿನ ಪುಸ್ತಕಗಳಿವೆ. ಆಳಿನ ಲೆಕ್ಕ, ಅಡಿಕೆಯ ಲೆಕ್ಕಗಳ ಪಕ್ಕದಲ್ಲಿ, ಅಂಚಿನಲ್ಲಿ, ಮಳೆಯ ಸುದ್ದಿಯೂ ಉಂಟು. 'ಆರಿದ್ರ ಜೋರು, ಸಂಕ ಮುಳುಗಿತು.' 'ಪುಷ್ಯ ಬಿಡುವಿಲ್ಲ, ಎರಡನೆಯ ಮದ್ದು ಹೊಡೆಯಲಾಗಲಿಲ್ಲ, ಕೊಳೆರೋಗ ಬಂತು.' ಜೋರು ಎಂದರೆ ಎಷ್ಟು ಇಂಚು ಎಂಬುದು ಅಜ್ಜನಿಗೇ ಗೊತ್ತು. ಹಳ್ಳ ದಾಟುವ ಆ ಸಂಕ ಎಷ್ಟು ಎತ್ತರದಲ್ಲಿತ್ತೋ ಅದನ್ನೂ ಬರೆದಿಲ್ಲ. ತೊಂದರೆಯಾದ ದಿನವಷ್ಟೇ ಅವರಿಗೆ ಮಳೆ ಬರೆಯುವ ಮನಸ್ಸಾಗುತ್ತಿದ್ದುದರಿಂದ, ಈ ಪುಸ್ತಕವನ್ನೇ ನಂಬಿದರೆ ಹಳೆಯ ಮಳೆಗಾಲಗಳಲ್ಲಿ ಹದವಾದ ಮಳೆಯೇ ಬರುತ್ತಿರಲಿಲ್ಲ ಎಂದು ತಿಳಿಯಬೇಕಾಗುತ್ತದೆ.

ಪಕ್ಕದ ಮನೆಯ ಭಾವ ಜಗುಲಿಯಲ್ಲಿ ಕವಳದ ಬಟ್ಟಲನ್ನು ಎಳೆದುಕೊಂಡು ಹಿಡಿಯುವುದು ಇದೇ ಎಳೆಯನ್ನು. "ತಮ್ಮಾ, ಭೂಮಿಗೆ ಕೋಟಿಗಟ್ಟಲೆ ವರ್ಷ ವಯಸ್ಸು. ನೂರೈವತ್ತು ವರ್ಷದ ಲೆಕ್ಕ ಹಿಡಿದುಕೊಂಡು ಭೂಮಿ ಬಿಸಿಯಾಗುತ್ತಿರುವುದು ಮನುಷ್ಯ ಮಾಡಿದ್ದು ಅನ್ನುತ್ತೀರಲ್ಲ?" ಅವರ ಮಾತಿನಲ್ಲಿ ಅರ್ಧ ನಿಜವಿದೆ. ಉಷ್ಣಮಾಪಕದ ಸತತ ದಾಖಲೆ ಇಂಗ್ಲೆಂಡಿನಲ್ಲಿಯೇ 1659ರಿಂದ ಈಚಿನದು. ಇಡೀ ಭೂಮಿಯ ಸರಾಸರಿ ತೆಗೆಯುವಷ್ಟು ಅಳತೆಗಳು ಸಿಗುವುದು ಸುಮಾರು 1850ರಿಂದ. ನಮ್ಮ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಮನುಷ್ಯ ಹುಟ್ಟುವ ಮೊದಲೂ ಹಿಮಯುಗಗಳು ಬಂದು ಹೋಗಿವೆ.

ಆದರೆ ಬಚ್ಚಲ ಒಲೆಯಲ್ಲಿ ಏನು ಉರಿಯಿತೆಂದು ತಿಳಿಯಲು ನೂರು ವರ್ಷದ ಹೊಗೆಯ ಲೆಕ್ಕ ಬೇಕಿಲ್ಲ, ಬೂದಿಯನ್ನು ಕೆದಕಿದರೆ ಸಾಕು. ಗಾಳಿಯಲ್ಲಿಯೂ ಅಂಥ ಬೂದಿಯಿದೆ. ಕಲ್ಲಿದ್ದಲು, ಖನಿಜ ತೈಲಗಳು ಒಂದು ಕಾಲಕ್ಕೆ ಜೀವಿಗಳಾಗಿದ್ದುದರಿಂದ ಅವುಗಳ ಇಂಗಾಲದಲ್ಲಿ ಹಗುರ ಪರಮಾಣುಗಳ ಪಾಲು ಹೆಚ್ಚು. ಕೋಟ್ಯಂತರ ವರ್ಷ ನೆಲದಡಿ ಇದ್ದುದರಿಂದ, 5,730 ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುವ ಇಂಗಾಲ-14 ಅವುಗಳಲ್ಲಿ ಉಳಿದೇ ಇಲ್ಲ. ಗಾಳಿಗೆ ಬೆರೆಯುತ್ತಿರುವ ಇಂಗಾಲದ ಮೇಲೆ ಈ ಎರಡೂ ಗುರುತುಗಳಿವೆ. ಹವಾಯಿಯ ಮೌನಾ ಲೋವಾದಲ್ಲಿ 1958ರಿಂದ ಅಳೆಯುತ್ತ ಬಂದ, ಬಿಸಿಯನ್ನು ಹಿಡಿದಿಡುವ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 315 ಪಾಲು ಇದ್ದದ್ದು ಈಗ 420ನ್ನು ದಾಟಿದೆ. ಅಂಟಾರ್ಕ್ಟಿಕಾದ ಹಿಮದಲ್ಲಿ ಸಿಕ್ಕಿಬಿದ್ದ ಗುಳ್ಳೆಗಳು ಒಪ್ಪಿಸುವ ಎಂಟು ಲಕ್ಷ ವರ್ಷಗಳ ಲೆಕ್ಕದಲ್ಲಿ ಅದು 300ರ ಆಸುಪಾಸನ್ನು ಮೀರಿದ್ದೇ ಇಲ್ಲ. ಸೂರ್ಯನೇ ಹೆಚ್ಚು ಕಾಯಿಸಿದ್ದರೆ ವಾಯುಮಂಡಲದ ಮೇಲಿನ ಪದರವೂ ಕಾಯಬೇಕಿತ್ತು, ಅದು ತಣ್ಣಗಾಗುತ್ತಿದೆ.

ಇಷ್ಟು ಹೇಳಿದ ಮೇಲೂ, ಕಳೆದ ವರ್ಷ ನಮ್ಮ ತೋಟಕ್ಕೆ ಬಂದ ಕೊಳೆರೋಗಕ್ಕೆ ಆ ಹೊಗೆಯೇ ಕಾರಣವೆಂದು ನಾನು ಹೇಳಲಾರೆ. ಒಂದು ಊರಿನ ಒಂದು ಮಳೆಗಾಲದ ಮಾತು ಬಂದಾಗ ಅಜ್ಜನ ಪುಸ್ತಕದ ಬಡತನ ನಿಜಕ್ಕೂ ಕಾಡುತ್ತದೆ, ಅಲ್ಲಿ ಭಾವನಿಗೆ ಶರಣಾಗುತ್ತೇನೆ.

ಶರಣಾದದ್ದೇ ತಪ್ಪಾಯಿತು. ದೇಶದಲ್ಲೆಲ್ಲ ಅತಿವೃಷ್ಟಿಯಾದ 1961ರ ಮುಂದೆ ಈಗಿನ ಮಳೆ ಮಳೆಯೇ ಅಲ್ಲ ಎಂದು ಅವರು ಹಟ ಹಿಡಿದರು. ಅಟ್ಟ ಹತ್ತಿ, ದೂಳು ಕೊಡವಿ, ಆ ವರ್ಷದ ಪುಸ್ತಕವನ್ನು ತಂದು ಬಿಡಿಸಿದೆ. ಆಷಾಢದಿಂದ ಭಾದ್ರಪದದವರೆಗಿನ ಹಾಳೆಗಳು ಒರಲೆಯ ಹೊಟ್ಟೆ ಸೇರಿದ್ದವು. ಭಾವ ಆ ತೂತುಗಳನ್ನು ಬೆಳಕಿಗೆ ಹಿಡಿದು ನೋಡಿ, "ನೋಡು, ಬರೆದು ಮುಗಿಯದಷ್ಟು ಮಳೆ" ಎಂದು ಇನ್ನೊಂದು ಕವಳಕ್ಕೆ ಸುಣ್ಣ ಸವರಿದರು.