75 ಅಂದ್ರೆ ನಾರ್ಮಲ್ ಅಲ್ವಾ?

ಕಳೆದ ವರ್ಷ ನನ್ನ ರಕ್ತದ ರಿಪೋರ್ಟ್ ನೋಡಿದ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಟ್ರೈಗ್ಲಿಸರೈಡ್ ಅನ್ನುವ ಸಾಲಿನ ಕೆಳಗೆ ಎರಡು ಗೆರೆ ಎಳೆದು, "ವಾರಕ್ಕೆ ಎಷ್ಟು?" ಅಂದರು. "ಶನಿವಾರ ಮಾತ್ರ ಸಾರ್, ಎರಡು ಬಾಟಲ್" ಅಂದೆ. ಅವರು ನಾಲ್ಕು ಅಂತ ಬರೆದುಕೊಂಡರು. ಅನುಭವಸ್ಥರು.

ಅವತ್ತಿನಿಂದ ಕಡಿಮೆ ಮಾಡಿದೆ. ಬಿಟ್ಟೇಬಿಟ್ಟೆ ಅಂದರೆ ಸುಳ್ಳಾಗುತ್ತದೆ. ಎರಡು ತಿಂಗಳಿಗೆ ಒಂದು ಗ್ಲಾಸ್ ಬಿಯರ್, ಅಷ್ಟೇ. ಮೊದಲೆಲ್ಲ ಬಾಟಲ್ ಖಾಲಿಯಾದ ಮೇಲೂ ಅದರ ರುಚಿ ಏನು ಅಂತ ಯೋಚಿಸಿದವನಲ್ಲ. ಈಗ ಆ ಒಂದು ಗ್ಲಾಸಿಗೆ ಮದುವೆ ಮುಹೂರ್ತದಷ್ಟು ಲೆಕ್ಕಾಚಾರ. ಯಾವ ದಿನ, ಯಾರ ಜೊತೆ, ಸೈಡ್ಸ್ ಏನು.

ಈ ಸಲ ಅಕ್ಕನ ಮಗ ಕರೆದ. "ಮಾಮ, ಒಂದೇ ಗ್ಲಾಸ್ ಕುಡಿಯೋದಾದ್ರೆ ಒಳ್ಳೇದನ್ನೇ ಕುಡೀರಿ" ಅಂದ. ಮಾತಲ್ಲಿ ನ್ಯಾಯ ಇತ್ತು. ವಿಜಯನಗರದಲ್ಲಿ ಮೆಟ್ರೋ ಹತ್ತಿ ಇಂದಿರಾನಗರದಲ್ಲಿ ಇಳಿದೆ. ಅಲ್ಲಿನ ಒಂದು ಮೈಕ್ರೋಬ್ರೂವರಿ, ಅಂದರೆ ಬಿಯರನ್ನು ಅಲ್ಲೇ ತಯಾರಿಸಿ ಅಲ್ಲೇ ಕುಡಿಸುವ ಜಾಗ. ಗಾಜಿನ ಹಿಂದೆ ಆಳೆತ್ತರದ ಸ್ಟೀಲ್ ಟ್ಯಾಂಕುಗಳು, ಹಾಲಿನ ಡೇರಿಗೆ ಬಂದ ಹಾಗಿತ್ತು.

ಕಪ್ಪು ಹಲಗೆಯ ಮೇಲೆ ಏಳೆಂಟು ಹೆಸರು. ನಮ್ಮ ಕಾಲದಲ್ಲಿ ಬಿಯರ್‌ನಲ್ಲಿ ಎರಡೇ ಜಾತಿ: ಮೈಲ್ಡು, ಸ್ಟ್ರಾಂಗು. ಬೇಕಾದರೆ ಮೂರನೆಯದೊಂದು ಸೇರಿಸಿಕೊಳ್ಳಿ, "ಚಿಲ್ಡ್ ಇಲ್ಲ ಸಾರ್". ಇಲ್ಲಿ ನೋಡಿದರೆ ಗೋಧಿಯದ್ದು, ಕಾಫಿ ಬಣ್ಣದ್ದು, ಮಾವಿನಹಣ್ಣಿನದ್ದು. ನನ್ನ ಕಣ್ಣು ನಿಂತಿದ್ದು ಇಂಡಿಯಾ ಪೇಲ್ ಏಲ್ ಮೇಲೆ. ಹೆಸರಲ್ಲೇ ಇಂಡಿಯಾ ಇದೆ. ಪಕ್ಕದಲ್ಲಿ ಐಬಿಯು 75 ಅಂತ ಬೇರೆ ಬರೆದಿತ್ತು. ಒಂದು ವರ್ಷದಿಂದ ಲ್ಯಾಬ್ ರಿಪೋರ್ಟ್ ಓದಿ ಪಳಗಿದ ಕಣ್ಣು ನನ್ನದು. 75 ಅಂದರೆ ಫಾಸ್ಟಿಂಗ್‌ನಲ್ಲಿ ನಾರ್ಮಲ್. "ಇದೇ ಇರಲಿ" ಅಂದೆ.

"ಟೇಸ್ಟರ್ ತರ್ಲಾ ಸರ್? ಸ್ವಲ್ಪ ನೋಡಿ ಆಮೇಲೆ..." ಅಂದ ವೇಟರ್ ಹುಡುಗ.

ಇಪ್ಪತ್ತೈದು ವರ್ಷದ ಸರ್ವಿಸ್ ಇರುವವನಿಗೆ ಟೇಸ್ಟರ್! "ಬೇಡಪ್ಪ, ದೊಡ್ಡ ಗ್ಲಾಸೇ ತಾ."

ಬಂತು. ಮೊದಲು ವಾಸನೆ. ಚೆನ್ನಾಗಿಯೇ ಇತ್ತು, ಚಕ್ಕೋತ ಸುಲಿಯುವಾಗ ಬರುತ್ತದಲ್ಲ, ಹಾಗೆ. ಎರಡು ತಿಂಗಳ ಆಸೆಯನ್ನೆಲ್ಲ ಸೇರಿಸಿ ಒಂದು ದೊಡ್ಡ ಗುಟುಕು ಎಳೆದೆ.

ಹಾಗಲಕಾಯಿಯ ಕಹಿ ಬಾಗಿಲಲ್ಲೇ ನಿಂತು ಮಾತಾಡಿ ಹೋಗುತ್ತದೆ. ಇದು ಚಪ್ಪಲಿ ಬಿಟ್ಟು ಒಳಗೆ ಬಂದು, ಕೂತು, ಊಟಕ್ಕೆ ಏನು ಮಾಡಿದ್ದೀರಿ ಅಂತ ಕೇಳಿತು. ಚಿಕ್ಕಂದಿನಲ್ಲಿ ಜ್ವರ ಬಂದಾಗ ಅಮ್ಮ ಮೂಗು ಹಿಡಿದು ಕುಡಿಸುತ್ತಿದ್ದ ಅಮೃತಬಳ್ಳಿ ಕಷಾಯ ನೆನಪಾಯಿತು. ನನ್ನ ಎಡಗೈ ತಾನಾಗಿಯೇ ಮೂಗಿನ ಹತ್ತಿರ ಹೋಗಿತ್ತು.

"ಹೇಗಿದೆ ಮಾಮ?"

"ಹ್ಞೂಂ" ಅಂದೆ. ಬಾಯಿ ತೆರೆಯುವ ಸ್ಥಿತಿ ಇರಲಿಲ್ಲ.

ಅಕ್ಕನ ಮಗ ಪಾಠ ಶುರುಮಾಡಿದ. ಐಬಿಯು ಅಂದರೆ ಕಹಿಯ ಅಳತೆಯಂತೆ. ನಾವು ಕುಡಿಯುತ್ತಿದ್ದ ಮಾಮೂಲಿ ಲಾಗರ್ ಹತ್ತು, ಇಪ್ಪತ್ತರ ಒಳಗೇ ಇರುತ್ತದೆ. ಈ ಕಹಿಗೆ ಕಾರಣ ಹಾಪ್ಸ್ ಅನ್ನುವ ಬಳ್ಳಿಯ ಹೂವು. ಗಾಂಜಾ ಗಿಡಕ್ಕೆ ಹತ್ತಿರದ ದಾಯಾದಿ, ಆದರೆ ಆ ಗುಣ ಇಲ್ಲ. ಜಾಸ್ತಿ ಹೊತ್ತು ಕುದಿಸಿದಷ್ಟೂ ಕಹಿ ಜಾಸ್ತಿ ಇಳಿಯುತ್ತದೆ. ಥೇಟ್ ಕಷಾಯ! ಬ್ರಿಟಿಷರ ಕಾಲದಲ್ಲಿ ಇಂಗ್ಲೆಂಡಿನಿಂದ ಹೊರಟ ಹಡಗು ಆಫ್ರಿಕಾ ಸುತ್ತಿ ಇಲ್ಲಿಗೆ ಬರಲು ತಿಂಗಳುಗಟ್ಟಲೆ ಬೇಕಿತ್ತು. ದಾರಿಯಲ್ಲಿ ಕೆಡದಿರಲಿ ಅಂತ ಪೀಪಾಯಿಗಳಿಗೆ ಹಾಪ್ಸ್ ಜಾಸ್ತಿ ಹಾಕುತ್ತಿದ್ದರು. ಉಪ್ಪಿನಕಾಯಿಗೆ ಉಪ್ಪು ಹಾಕಿದ ಹಾಗೆ. ಹೆಸರಿನ ಇಂಡಿಯಾ ಅಲ್ಲಿಂದ ಬಂದಿದ್ದು.

ಎಲ್ಲಾ ಸರಿ. ಆದರೆ ನನ್ನ ಗ್ಲಾಸು ಬಂದಿದ್ದು ಆ ಗಾಜಿನ ಹಿಂದಿನ ಟ್ಯಾಂಕಿನಿಂದ. ಹೆಚ್ಚೆಂದರೆ ನಲವತ್ತು ಹೆಜ್ಜೆ. ನಲವತ್ತು ಹೆಜ್ಜೆಗೆ ಯಾಕಪ್ಪ ಸಮುದ್ರಯಾನದ ಮದ್ದು?

ಕೇಳಲಿಲ್ಲ. ದುಡ್ಡು ಕೊಡುವವನು ಅವನು.

ಅವನು ಫೋನ್ ನೋಡುತ್ತಿದ್ದಾಗ ನನಗೊಂದು ಉಪಾಯ ಹೊಳೆಯಿತು. ಹಾಗಲಕಾಯಿ ಹೆಚ್ಚಿದ ಮೇಲೆ ನನ್ನ ಹೆಂಡತಿ ಏನು ಮಾಡುತ್ತಾಳೆ? ಉಪ್ಪು ಹಾಕಿಡುತ್ತಾಳೆ. ಮಸಾಲೆ ಕಡಲೆಬೀಜದ ತಟ್ಟೆ ಪಕ್ಕ ಉಪ್ಪಿನ ಡಬ್ಬಿ ಇತ್ತು. ಉಪ್ಪು ಕಹಿಯನ್ನು ತಗ್ಗಿಸುವುದು ನಿಜ, ನನ್ನ ಲಾಜಿಕ್‌ನಲ್ಲಿ ತಪ್ಪಿರಲಿಲ್ಲ. ತಪ್ಪಿದ್ದು ಅಳತೆ. ಒಂದು ಚಿಟಿಕೆ ಅಂದುಕೊಂಡು ಬಗ್ಗಿಸಿದರೆ ಡಬ್ಬಿಯ ಮುಚ್ಚಳವೇ ಸಡಿಲ.

ಗೃಹಪ್ರವೇಶದಲ್ಲೂ ಹಾಲು ಅಷ್ಟು ಚೆನ್ನಾಗಿ ಉಕ್ಕಿದ್ದನ್ನು ನಾನು ನೋಡಿಲ್ಲ. ನೊರೆ ಗ್ಲಾಸಿನಿಂದ ತಟ್ಟೆಗೆ, ತಟ್ಟೆಯಿಂದ ಟೇಬಲ್ಲಿಗೆ, ಅಲ್ಲಿಂದ ನೇರ ನನ್ನ ಪ್ಯಾಂಟಿಗೆ. ಪಕ್ಕದ ಟೇಬಲ್ಲಿನವರು ಕಾಲು ಮೇಲೆತ್ತಿಕೊಂಡರು. "ಉಪ್ಪಿನ ಹರಳಿಗೆ ಗ್ಯಾಸ್ ಅಂಟಿಕೊಂಡು ಗುಳ್ಳೆಯಾಗಿ ಏಳುತ್ತೆ ಮಾಮ" ಅಂದ ಹುಡುಗ, ಟಿಶ್ಯೂನಿಂದ ಫೋನ್ ಒರೆಸಿಕೊಳ್ಳುತ್ತಾ. ಆಗಲೂ ಪಾಠ!

ಲಾಭ ಏನೆಂದರೆ ಅರ್ಧ ಗ್ಲಾಸ್ ಕಡಿಮೆಯಾಗಿತ್ತು. ಉಳಿದದ್ದನ್ನು ಚೆಲ್ಲಲು ಮನಸ್ಸು ಬರಲಿಲ್ಲ, ಎರಡು ತಿಂಗಳ ಕೋಟಾ. ಉಪ್ಪು ಮತ್ತು ಕಹಿ ಎರಡನ್ನೂ ಸೇರಿಸಿ ಕಣ್ಣುಮುಚ್ಚಿ ನುಂಗಿದೆ. ವೇಟರ್ ಬಂದು ಬಹಳ ಗಂಭೀರವಾಗಿ ಕೇಳಿದ, "ರಿಪೀಟ್ ಸರ್?"

ಅಭ್ಯಾಸ ತಪ್ಪಿದ ತಲೆ. ಅರ್ಧ ಗ್ಲಾಸಿಗೇ ಮೆಟ್ರೋ ಎಸ್ಕಲೇಟರ್ ಸ್ವಲ್ಪ ಜೋರಾಗಿ ಓಡುತ್ತಿದೆ ಅನ್ನಿಸಿತು. ಪ್ಯಾಂಟಿನ ಕಲೆಯ ಮೇಲೆ ಬ್ಯಾಗ್ ಇಟ್ಟುಕೊಂಡು ವಿಜಯನಗರದವರೆಗೆ ನಿಂತೇ ಬಂದೆ.

ಬಾಗಿಲು ತೆಗೆದವಳು ಅಮ್ಮ. ಮುಖ ಹತ್ತಿರ ತಂದು ಮೂಸಿದಳು. ಸಿಕ್ಕಿಬಿದ್ದೆ ಅಂದುಕೊಂಡೆ. ಅಮ್ಮನ ಮುಖ ಅರಳಿತು.

"ಕಷಾಯ ಕುಡಿದೆಯೇನೋ? ಎಷ್ಟು ವರ್ಷದಿಂದ ಬಡ್ಕೊಂಡೆ ನಾನು!"

ನಾನು ಹೌದೂ ಅನ್ನಲಿಲ್ಲ, ಇಲ್ಲಾ ಅನ್ನಲಿಲ್ಲ. ಬೆಳಗ್ಗೆ ಆರಕ್ಕೆ ದೊಡ್ಡ ಸ್ಟೀಲ್ ಲೋಟ ಹಿಡಿದು ಮಂಚದ ಪಕ್ಕ ನಿಂತಿದ್ದಳು. "ಒಂದು ದಿನ ಕುಡಿದು ಬಿಟ್ರೆ ಆಗಲ್ಲ ಕಣೋ. ಮೂರು ದಿನ ತಗೋಬೇಕು."