ಕರೆಂಟ್ ಬಂತು, ಕಂಪ್ಯೂಟರ್ ಬರಲಿಲ್ಲ

ಬೆಂಗಳೂರಿನವರು ಕಂಪ್ಯೂಟರನ್ನು ದಿನಕ್ಕೊಮ್ಮೆ ಆನ್ ಮಾಡುತ್ತಾರಂತೆ. ಕಕ್ಕಡ ತಿಂಗಳ, ಅಂದರೆ ಜಡಿಮಳೆ ಕಾಲದ, ಕೊಡಗಿನಲ್ಲಿ ಅದೆಲ್ಲ ನಡೆಯುವುದಿಲ್ಲ. ಸಿಲ್ವರ್ ಓಕ್ ಕೊಂಬೆ ತಂತಿಯ ಮೇಲೆ ಬಿದ್ದಾಗಲೆಲ್ಲ ಅದು ಸಾಯುತ್ತದೆ, ಲೈನ್‌ಮನ್ ಕಂಬ ಹತ್ತಿ ಇಳಿದಾಗಲೆಲ್ಲ ಮತ್ತೆ ಹುಟ್ಟುತ್ತದೆ.

ನಾಪೋಕ್ಲು ಹತ್ತಿರದ ನಮ್ಮ ಭಾವನಿಗೆ ಅದರಿಂದ ಆಗಬೇಕಾದದ್ದು ಎರಡೇ ಕೆಲಸ: ಕರಿಮೆಣಸಿನ ರೇಟ್ ನೋಡುವುದು, ಒತ್ತಿದ ಕೀಗಳನ್ನು ಕನ್ನಡ ಪದವಾಗಿಸುವ ‘ನುಡಿ’ ತಂತ್ರಾಂಶದಲ್ಲಿ ಸಹಕಾರ ಸಂಘಕ್ಕೆ ಅರ್ಜಿ ಟೈಪ್ ಮಾಡುವುದು. ಆದರೆ ಬಟನ್ ಒತ್ತಿದರೆ ಮೊದಲು ಏಳುವವರೇ ಬೇರೆ. ಲಾಕ್‌ಡೌನ್ ಕಾಲದ ಆನ್‌ಲೈನ್ ಕ್ಲಾಸಿಗೆ ಹಾಕಿಸಿದ ಮೀಟಿಂಗ್ ಆ್ಯಪ್, ಯಾರೂ ಕೇಳದ ಹಾಡಿನ ಆ್ಯಪ್, ದುಡ್ಡು ಕಟ್ಟಿ ಎಂದು ಗೋಗರೆಯುವ ಆ್ಯಂಟಿವೈರಸ್. ಜೊತೆಗೆ ಗುಜರಿ ಸೇರಿದ ಪ್ರಿಂಟರಿನ ಸಹಾಯಕ. ಯಜಮಾನ ಹೋದರೂ ಇವನ ಹಾಜರಿ ತಪ್ಪಿಲ್ಲ. ಇವರೆಲ್ಲ ಎದ್ದು ಮುಖ ತೊಳೆಯುವಷ್ಟರಲ್ಲಿ ಕರೆಂಟ್ ಮತ್ತೆ ಹೋಗಿರುತ್ತದೆ. ಯುಪಿಎಸ್ ಇಲ್ಲವೇ ಎನ್ನುತ್ತೀರಾ? ಇದೆ. ಕೀಂ ಕೀಂ ಎಂದು ಅತ್ತು ಮಲಗುತ್ತದೆ.

ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬ ಅನುಕೂಲವೊಂದು ಬಂದಿದೆ. ಶಟ್‌ಡೌನ್ ಮಾಡುವಾಗ ಸಿಸ್ಟಮ್ಮಿನ ಒಂದು ಭಾಗವನ್ನು ಡಿಸ್ಕಿನಲ್ಲಿ ಬರೆದಿಟ್ಟು, ಮುಂದಿನ ಸಲ ಅದನ್ನೇ ಎತ್ತಿಕೊಂಡು ಬೇಗ ಏಳುತ್ತದೆ. ಮರ್ಯಾದೆಯಿಂದ ಶಟ್‌ಡೌನ್ ಮಾಡಿದವರಿಗೆ ಮಾತ್ರ ಈ ಭಾಗ್ಯ. ನಮ್ಮಲ್ಲಿ ಶಟ್‌ಡೌನ್ ಮಾಡುವುದು ಗಾಳಿ.

ಮೈಸೂರಿನಲ್ಲಿ ಓದುವ ಮಗ ರಜೆಗೆ ಬಂದ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿ, ಅಂದರೆ ಕಂಪ್ಯೂಟರಿನ ಜೊತೆಗೇ ತಾವಾಗಿ ಏಳುವವರ ಪಟ್ಟಿ, ತೆರೆದ. ಯಾರು ಎಷ್ಟು ಭಾರ ಎಂದು ಅದರಲ್ಲೇ ಬರೆದಿರುತ್ತದೆ. ಮೀಟಿಂಗ್ ಆ್ಯಪಿನ ಎದುರು ‘ಹೈ’ ಎಂದಿತ್ತು. “ಅಪ್ಪಾ, ಇಷ್ಟೊಂದು ಯಾಕೆ ಸಾಕಿದ್ದೀರಿ?” ಎಂದವನೇ ಮೇಲಿಂದ ಕೆಳಗಿನವರೆಗೆ ಡಿಸೇಬಲ್ ಮಾಡುತ್ತ ಹೋದ. ಅಂಗಡಿಯ ಹುಡುಗ ಸ್ಟಾರ್ಟಪ್ ಫೋಲ್ಡರಿಗೆ ಹಾಕಿಕೊಟ್ಟಿದ್ದ ನುಡಿಯೂ ಆ ಪಟ್ಟಿಯಲ್ಲೇ ಇತ್ತು.

ಮಗ ಬಸ್ ಹತ್ತಿದ. ಕಂಪ್ಯೂಟರ್ ಚುರುಕಾಗಿ ಎದ್ದಿತು. ಭಾವ ಟೈಪ್ ಮಾಡುವಾಗ ಕೀಬೋರ್ಡ್ ಬಿಟ್ಟು ಕಣ್ಣೆತ್ತುವವರಲ್ಲ, ಅದರಲ್ಲೂ ಯುಪಿಎಸ್ ಅಳುವಾಗ. ಅರ್ಜಿಯನ್ನು ಪೆನ್ ಡ್ರೈವಿನಲ್ಲಿ ಪೇಟೆಗೆ ಒಯ್ದು, ಪ್ರಿಂಟ್ ತೆಗೆಸಿ, ಸಹಿ ಜಡಿದು ಸಂಘಕ್ಕೆ ಕೊಟ್ಟರು. ನುಡಿ ಓಡದಿದ್ದರೂ ಅದರ ಫಾಂಟ್ ಇದ್ದೇ ಇರುತ್ತದೆ. ಹಾಗಾಗಿ ಕಾಗದದ ಮೇಲೆ ಬಿದ್ದದ್ದೆಲ್ಲ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳೇ. ಪದ ಮಾತ್ರ ಒಂದೂ ಇಲ್ಲ. ಕಾರ್ಯದರ್ಶಿ ಬಹಳ ಹೊತ್ತು ಓದಿದರು. ಕೊಡವ ತಕ್ಕ್ ಅಲ್ಲ, ಅರೆಭಾಷೆ ಅಲ್ಲ, ತುಳುವೂ ಅಲ್ಲ. ಈ ಜಿಲ್ಲೆಯಲ್ಲಿ ಭಾಷೆಗೆ ಕೊರತೆಯಿಲ್ಲ, ಇದು ತಮಗೆ ಬಾರದ ಇನ್ನೊಂದಿರಬೇಕು ಎಂದು ಸೀಲು ಹಾಕಿ ತೆಗೆದುಕೊಂಡರು.

“ಡಿಸೇಬಲ್ ಅಂದರೆ ಡಿಲೀಟ್ ಅಲ್ಲ ಅಪ್ಪಾ, ಬೇಕಾದಾಗ ನೀವೇ ತೆರೆಯಬಹುದು,” ಎಂದ ಮಗ ಫೋನಿನಲ್ಲಿ. ಭಾವನಿಗೆ ತೆರೆಯುವ ಕೆಲಸವೇ ಬೇಡ. ನುಡಿಯನ್ನು ಮತ್ತೆ ಎನೇಬಲ್ ಮಾಡಿಸಿದ್ದಲ್ಲದೆ, ಅಂಗಡಿಯ ಹುಡುಗನಿಂದ ವಿಂಡೋಸಿಗಿಂತ ಮೊದಲೇ ಏಳುವ ಬಯೋಸಿನ ಸೆಟ್ಟಿಂಗಿನಲ್ಲಿ ಇನ್ನೊಂದು ಸೌಕರ್ಯವನ್ನೂ ಮಾಡಿಸಿಕೊಂಡರು: ಕರೆಂಟ್ ಬಂದ ಕೂಡಲೇ ಕಂಪ್ಯೂಟರ್ ತಾನಾಗಿ ಆನ್.

ಕರೆಂಟ್ ಬಂದದ್ದು ನಡುರಾತ್ರಿ. ಕತ್ತಲ ಕೋಣೆಯಲ್ಲಿ ನೀಲಿ ಬೆಳಕು ಹೊತ್ತಿ ‘ಟಿಂಗ್’ ಎಂದಿತು. ನಾಯಿ ಬೊಗಳಿತು. ಭಾವ ಕೋವಿ ಹುಡುಕಿದರು. ಈಗ ಮಲಗುವ ಮೊದಲು ಅಕ್ಕ ಪ್ಲಗ್ಗನ್ನೇ ಕಿತ್ತು ದಿಂಬಿನ ಕೆಳಗಿಟ್ಟುಕೊಳ್ಳುತ್ತಾಳೆ. ಟಾಸ್ಕ್ ಮ್ಯಾನೇಜರಿನಲ್ಲಿ ಈ ಆಯ್ಕೆ ಇನ್ನೂ ಬಂದಿಲ್ಲ.